ಅಡುಗೆಮನೆ ಇಲ್ಲದ ಹೋಟೆಲು

ಗರುಡಾಚಾರ್‌ಪಾಳ್ಯದ ಮುನಿರಾಜನ ಹೆಂಡತಿ ಸುಕನ್ಯ ನೋಡದ ಊರಿಲ್ಲ ಎಂದು ಅವಳ ಬೀದಿಯ ಹೆಂಗಸರಿಗೆಲ್ಲ ಹೊಟ್ಟೆಕಿಚ್ಚು. ಕಾಶಿ, ರಾಮೇಶ್ವರ, ಗೋವಾ, ಊಟಿ, ಕನ್ಯಾಕುಮಾರಿ, ಎಲ್ಲದಕ್ಕೂ ಹೋಗಿ ಬಂದವಳು, ಸುಳ್ಳಲ್ಲ. ಆದರೆ ಗೋವಾದಲ್ಲಿ ಸಮುದ್ರ ಹೇಗಿತ್ತು ಅಂತ ಅವಳನ್ನು ಕೇಳಿ ನೋಡಿ. ಸದ್ದು ಚೆನ್ನಾಗಿ ಕೇಳಿಸುತ್ತಿತ್ತು ಅನ್ನುತ್ತಾಳೆ. ಕನ್ಯಾಕುಮಾರಿಯಲ್ಲಿ ಸೂರ್ಯ ಹುಟ್ಟುವಾಗ ಅವಳು ಛತ್ರದ ಹಿಂದಿನ ಶೆಡ್ಡಿನಲ್ಲಿ ಅನ್ನ ಬಸಿಯುತ್ತಿದ್ದಳು. ಕಾಶಿಯಲ್ಲಿ ಮಿಕ್ಕವರೆಲ್ಲ ಗಂಗೆಯಲ್ಲಿ ಮುಳುಗಿ ಪಾಪ ತೊಳೆದುಕೊಂಡು ಬರುವ ಹೊತ್ತಿಗೆ ಬಿಸಿ ಮುದ್ದೆ ಆಗಿರಬೇಕಲ್ಲ, ಹಾಗಾಗಿ ಅವಳ ಪಾಪ ಅವಳ ಹತ್ತಿರವೇ ಉಳಿಯಿತು.

ಆ ಮನೆತನದ ಪದ್ಧತಿಯೇ ಹಾಗೆ. ವರ್ಷಕ್ಕೊಂದು ಸಲ ಅಣ್ಣತಮ್ಮಂದಿರ ಸಂಸಾರಗಳೆಲ್ಲ ಸೇರಿ ಟೂರು ಹೋಗಬೇಕು. ಹೋದಲ್ಲಿ ಹೋಟೆಲಿನಲ್ಲಿ ತಿನ್ನಬಾರದು. ಟೆಂಪೋ ಟ್ರಾವೆಲರ್ ಹಿಂದುಗಡೆ ಗ್ಯಾಸ್ ಸಿಲಿಂಡರ್, ದೊಡ್ಡ ಡಬರಿ, ರಾಗಿ ಹಿಟ್ಟಿನ ಚೀಲ, ಖಾರದಪುಡಿ ಡಬ್ಬ, ಮುದ್ದೆ ತೊಳಸುವ ಕೋಲು, ಇಷ್ಟನ್ನೂ ಹತ್ತಿಸಿದ ಮೇಲೆ ಸುಕನ್ಯಳನ್ನು ಹತ್ತಿಸುತ್ತಾರೆ. ಬಡವರೇನಲ್ಲ. ಒಂದು ಕಾಲಕ್ಕೆ ರಾಗಿ, ಸೊಪ್ಪು ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಮಹಡಿ ಮೇಲೆ ಮಹಡಿ ಎದ್ದು, ಆಫೀಸಿನ ಹುಡುಗರು ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಾರೆ. ಆದರೂ ಮುನಿರಾಜನ ಅಣ್ಣ ದೊಡ್ಡಮುನಿಯಪ್ಪನವರಿಗೆ ಹೋಟೆಲ್ ಬಿಲ್ಲು ಕಂಡರೆ ಜ್ವರ ಬರುತ್ತದೆ. ಮನೆಯ ಕೈ ಇರುವಾಗ ಹೊರಗಿನ ಊಟ ಯಾಕೆ ಅನ್ನುವುದು ಅವರ ಮಾತು. ಆ ಕೈ ಯಾರದು ಅಂತ ಯಾರೂ ಯಾವತ್ತೂ ಕೇಳಲಿಲ್ಲ.

ಈ ವರ್ಷ ಹಿಮದ ಹುಚ್ಚು ಹತ್ತಿಸಿದ್ದು ದೊಡ್ಡಮುನಿಯಪ್ಪನವರ ಮಗಳು ವೈಷ್ಣವಿ. ಅವಳ ಆಫೀಸಿನವರು ಯಾರೋ ಔಲಿ ಎಂಬ ಹಿಮದೂರಿಗೆ ಹೋಗಿ ಕಾಲಿಗೆ ಹಲಗೆ ಕಟ್ಟಿಕೊಂಡು ಬೆಟ್ಟದಿಂದ ಜಾರಿ ಬಂದ ವಿಡಿಯೋ ಹಾಕಿದ್ದರಂತೆ. ನಾವೂ ಜಾರೋಣ ಎಂದಳು. ಭಾನುವಾರದ ಮಟನ್ ಊಟಕ್ಕೆ ಎಲ್ಲರೂ ಸೇರಿದ್ದರು, ಬಾಯಲ್ಲಿ ಮೂಳೆ ಇಟ್ಟುಕೊಂಡೇ ಎಲ್ಲರೂ ಹೂಂ ಎಂದರು. ಕಡಿಮೆ ಖರ್ಚಿನ ಜಾಗ ಆಗಬೇಕು ಎಂದರು ದೊಡ್ಡಮುನಿಯಪ್ಪನವರು. ಅಲ್ಲಿಗೆ ವಿಮಾನದಲ್ಲಿ ಹೋಗಬೇಕು, ಸಿಲಿಂಡರ್ ಹತ್ತಿಸೋಕೆ ಬಿಡೋದಿಲ್ಲ, ಆದ್ದರಿಂದ ಒಲೆ, ಪಾತ್ರೆ ಎಲ್ಲ ಇರುವ ಅಡುಗೆಮನೆಯನ್ನು ನಮಗೆ ಬಿಟ್ಟುಕೊಡುವ ರೆಸಾರ್ಟೇ ಬೇಕು, ಅದು ಮೊದಲನೇ ಕಂಡೀಷನ್ ಎಂದೂ ಸೇರಿಸಿದರು. ಹಿಟ್ಟು ಬ್ಯಾಗಿನಲ್ಲಿ ಹೋಗುತ್ತದೆ, ಸುಕನ್ಯ ಸೀಟಿನಲ್ಲಿ ಹೋಗುತ್ತಾಳೆ.

ರೆಸಾರ್ಟು ಹುಡುಕುವ ಕೆಲಸವೂ ಅವಳ ತಲೆಗೇ ಬಂತು. ಸುಕನ್ಯ ಹುಟ್ಟಿದ್ದು ಹಲಸೂರಿನಲ್ಲಿ, ಓದಿದ್ದು ಶಿವಾಜಿನಗರದ ಶಾಲೆಯಲ್ಲಿ. ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಫಹ್ಮಿದಾಳ ಸಹವಾಸದಿಂದ ಅವಳ ನಾಲಿಗೆಗೆ ದಖನಿ ಉರ್ದು ಅಂಟಿಕೊಂಡಿತ್ತು. ವೈಷ್ಣವಿಗೆ ಆಫೀಸಿನ ಹಿಂದಿ ಗೊತ್ತು, ಚೌಕಾಸಿ ಮಾಡುವ ಹಿಂದಿ ಗೊತ್ತಿಲ್ಲ. ಚಿಕ್ಕಮ್ಮ ಮಾತಾಡಿದ್ರೆ ರೇಟ್ ಇಳಿಸ್ತಾರೆ ಎಂದು ಅವಳು ಫೋನ್ ನಂಬರುಗಳನ್ನೆಲ್ಲ ಸುಕನ್ಯಳಿಗೆ ಕಳಿಸಿದಳು.

ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ ಸುಕನ್ಯ ಟೆರೇಸಿಗೆ ಹೋಗಿ ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತು ಒಂದೊಂದೇ ರೆಸಾರ್ಟಿನ ಫೋಟೋ ನೋಡತೊಡಗಿದಳು. ಥೂ, ಏನು ಹೊಲಸು! ಮಾಲೀಕ ಹಾಕಿದ ಫೋಟೋದಲ್ಲಿ ಬಿಳಿ ಹಾಸಿಗೆ, ಹೂವಿನ ಕುಂಡ. ಹೋಗಿ ಬಂದವರು ಹಾಕಿದ ಫೋಟೋದಲ್ಲಿ ಬೂಷ್ಟು ಹಿಡಿದ ಗೋಡೆ, ಯಾರದೋ ಕೂದಲು ಅಂಟಿದ ಸೋಪು, ಹಿಂಡಿದರೆ ನೀರು ಬರುವಂಥ ರಜಾಯಿ. ಹಿಮಕ್ಕೆ ಹಾಕಿಕೊಳ್ಳುವ ಕೋಟು, ಬೂಟನ್ನು ದಾರಿಬದಿಯಲ್ಲಿ ಬಾಡಿಗೆಗೆ ಕೊಡುತ್ತಾರಂತೆ, ಒಬ್ಬರು ಬಿಚ್ಚಿದ್ದನ್ನು ಒದರಿ ಇನ್ನೊಬ್ಬರಿಗೆ ತೊಡಿಸುತ್ತಾರಂತೆ, ಬೂಟಿನೊಳಗೆ ಹಿಂದಿನವನ ಬೆವರು ಇನ್ನೂ ಬೆಚ್ಚಗಿರುತ್ತದೆ ಎಂದು ಒಬ್ಬ ಬರೆದಿದ್ದ. ಆದರೂ ಬಿಡದೆ ನೋಡಿದಳು. ಯಾಕೆಂದರೆ ಆ ಹೊಲಸಿನ ನಡುವೆ ಅವಳಿಗೊಂದು ವಿಡಿಯೋ ಸಿಕ್ಕಿತ್ತು. ತನ್ನದೇ ವಯಸ್ಸಿನ, ತನ್ನಷ್ಟೇ ದಪ್ಪಗಿನ ಒಬ್ಬ ಹೆಂಗಸು ಹಲಗೆ ಕಟ್ಟಿಕೊಂಡು ಇಳಿಜಾರಿನಲ್ಲಿ ಜಾರುತ್ತಾಳೆ, ಧೊಪ್ಪನೆ ಬೀಳುತ್ತಾಳೆ, ಬಿದ್ದಲ್ಲೇ ಮಲಗಿ ನಗುತ್ತಾಳೆ. ಎಬ್ಬಿಸಲು ಬಂದವರನ್ನು ಕೈ ಬೀಸಿ ಕಳಿಸುತ್ತಾಳೆ. ಸುಕನ್ಯ ಅದನ್ನು ಎಷ್ಟು ಸಲ ನೋಡಿದಳೋ. ತನಗೂ ಅದೇ ಬೇಕು ಅನಿಸಿತು. ಒಂದೇ ಒಂದು ಸಲ ಹಿಮದಲ್ಲಿ ಜಾರಿ ಬೀಳಬೇಕು. ಆ ಹೊತ್ತಿನಲ್ಲಿ ಎಲ್ಲೂ ಒಲೆ ಮೇಲೆ ಏನೂ ಕುದಿಯುತ್ತಿರಬಾರದು.

ಮರು ಭಾನುವಾರ ಮತ್ತೆ ಮಟನ್, ಮತ್ತೆ ಅದೇ ಮಂದಿ. ಎಲ್ಲಿಗೆ ಬಂತು ಹುಡುಕಾಟ ಎಂದು ಕೇಳಿದಾಗ ಸುಕನ್ಯ ಬಡಿಸುತ್ತಲೇ ತನ್ನ ಫೋನು ಕೊಟ್ಟಳು. ದೊಡ್ಡಮುನಿಯಪ್ಪನವರು ಎಂಜಲು ಕೈಯಲ್ಲೇ ತೆಗೆದುಕೊಂಡು ಬೆರಳಿನಿಂದ ಸರಿಸಿ ಸರಿಸಿ ನೋಡಿದರು. ಅವರಿಂದ ಮುನಿರಾಜನಿಗೆ ಹೋಯಿತು, ಅವನಿಂದ ನಾದಿನಿ ಮುನಿಲಕ್ಷ್ಮಿಯ ಗಂಡನಿಗೆ. ಎಲ್ಲರೂ ಮೂಳೆ ಚೀಪಿದ ಬೆರಳುಗಳಿಂದಲೇ ಬೆಟ್ಟಗಳನ್ನು ಹಿಂದೆ ಮುಂದೆ ಜರುಗಿಸಿದರು. ವಾಪಸು ಬಂದಾಗ ಅವಳ ಫೋನಿನ ಹಿಮವೆಲ್ಲ ಹಳದಿ ಜಿಡ್ಡಾಗಿತ್ತು. ಅಂಚಿನಲ್ಲಿ ಒಂದು ಕೊತ್ತಂಬರಿ ಎಲೆ ಬೇರೆ ಮೆತ್ತಿಕೊಂಡಿತ್ತು. ಸುಕನ್ಯ ಫೋನನ್ನು ಸೆರಗಿನಲ್ಲಿ ಒರೆಸಲಿಲ್ಲ. ಸೆರಗಿಗೂ ಅಸಹ್ಯವಾಗುತ್ತದೆ ಎಂದುಕೊಂಡು ಬಚ್ಚಲಿಗೆ ಹೋಗಿ ಒದ್ದೆ ಬಟ್ಟೆಯಿಂದ ಒರೆಸಿಕೊಂಡು ಬಂದಳು. ಇಷ್ಟು ವರ್ಷದಲ್ಲಿ ಈ ಜನರ ಎಂಜಲು ತಟ್ಟೆ ಎಷ್ಟೆತ್ತಿದ್ದಳೋ, ಆಗ ಆಗದ ಹೇಸಿಗೆ ಈಗ ಆಯಿತು. ಆಗುತ್ತಿದೆಯಲ್ಲ ಎಂದು ಅವಳಿಗೇ ಆಶ್ಚರ್ಯ.

ಕೊನೆಗೆ ಎರಡು ಜಾಗ ಉಳಿದವು. ಒಂದು ಅಗ್ಗದ್ದು, ಅಡುಗೆಮನೆ ಇತ್ತು. ಮಾಲೀಕ ಫೋನಿನಲ್ಲೇ ಒಲೆ ದೊಡ್ಡದಿದೆ, ಇಡೀ ಮದುವೆಗೆ ಬೇಯಿಸಬಹುದು ಎಂದು ಜಂಬ ಕೊಚ್ಚಿದ್ದ. ಇನ್ನೊಂದು ಸೋಲಾಂಗ್ ಎಂಬ ಹಿಮದ ಕಣಿವೆ ಕಡೆಯ ದೇವದಾರು ಮರಗಳ ನಡುವಿನ ಹೋಟೆಲು, ಸ್ವಲ್ಪ ದುಬಾರಿ. ಅದರ ಮಾಲೀಕ ಒಬ್ಬ ಮುದುಕ. ಬಂದವರಿಗೆ ಅಡುಗೆಮನೆ ಬಿಡುವುದಿಲ್ಲ, ನನ್ನ ಹೆಂಡತಿ ಬೆಳಿಗ್ಗೆ ರಾತ್ರಿ ಬಡಿಸುತ್ತಾಳೆ, ತಿಂದು ಹೋಗಿ ಆಡಿಕೊಳ್ಳಿ ಎಂದಿದ್ದ. ಸುಕನ್ಯಳ ದಖನಿ ಕೇಳಿ ಅವನಿಗೆ ನಗು. ಅವಳೂ ನಕ್ಕು, ರೇಟು ಇಳಿಸಿ, ಫೋನ್ ಇಡುವ ಮುಂಚೆ, ತನಗಾಗಿ ಅಂತ ಒಂದೇ ಒಂದು ಪ್ರಶ್ನೆ ಕೇಳಿದ್ದಳು. ನನ್ನ ವಯಸ್ಸಿನವರು ಈ ಜಾರೋದನ್ನ ಕಲೀಬಹುದಾ? ಮಕ್ಕಳಿಗೆ ಅಂತ ಮಾಡಿರುವ ಸಣ್ಣ ಇಳಿಜಾರು ಇದೆ, ಬಿದ್ದರೆ ಮೆತ್ತಗಿರುತ್ತದೆ, ಬನ್ನಿ ಎಂದಿದ್ದ ಮುದುಕ.

ಅವಳು ಸುಳ್ಳು ಹೇಳಲಿಲ್ಲ. ಅಗ್ಗದ ಹೋಟೆಲಿನ ಬಚ್ಚಲುಮನೆಯ ಫೋಟೋ ಒಂದನ್ನೇ ದೊಡ್ಡದು ಮಾಡಿ ವೈಷ್ಣವಿಗೂ ಮುನಿಲಕ್ಷ್ಮಿಗೂ ತೋರಿಸಿದಳು ಅಷ್ಟೆ. ಹಳದಿ ಕಟ್ಟಿದ ಕಮೋಡು, ಅದರ ಪಕ್ಕದಲ್ಲಿ ಯಾರೋ ಬಿಟ್ಟುಹೋದ ಬ್ಯಾಂಡೇಜು. ವೈಷ್ಣವಿ ಛೀ ಎಂದು ಮುಖ ಕಿವುಚಿದಳು. ಮುನಿಲಕ್ಷ್ಮಿ, ಸುಮ್ಮನೆ ಕೊಟ್ಟರೂ ಅಲ್ಲಿಗೆ ನನ್ನ ಮಕ್ಕಳನ್ನು ಕಳಿಸಲ್ಲ ಎಂದಳು. ಹೆಣ್ಣುಮಕ್ಕಳು ಹಟ ಹಿಡಿದ ಮೇಲೆ ದೊಡ್ಡಮುನಿಯಪ್ಪನವರು ಗೊಣಗಿಕೊಂಡೇ ದೇವದಾರು ಮರದ ಹೋಟೆಲಿಗೆ ಒಪ್ಪಿದರು. ಅಡುಗೆಮನೆ ಇಲ್ವಲ್ಲ ಎಂದರು. ಐದು ದಿನ ತಾನೇ, ಹೆಂಗೋ ಆಗುತ್ತೆ ಎಂದ ಮುನಿರಾಜ. ಗಂಡನ ಬಾಯಲ್ಲಿ ಆ ಮಾತು ಬಂದಾಗ ಸುಕನ್ಯಳಿಗೆ ಅವನ ಮೇಲೆ ಬಹಳ ದಿನಗಳ ನಂತರ ಪ್ರೀತಿ ಉಕ್ಕಿತು.

ಮಾರನೆಯ ದಿನವೇ ಮೆಟ್ರೋ ಹತ್ತಿ ಶಿವಾಜಿನಗರದ ಕಡೆ ಹೋದಳು. ಫಹ್ಮಿದಾ ಈಗ ಅಲ್ಲೇ ಬ್ಲೌಸು ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದಾಳೆ. ಇಬ್ಬರೂ ಸಂದಿ ಸಂದಿ ತಿರುಗಿ ಒಂದು ಜೊತೆ ದಪ್ಪ ಕೆಂಪು ಗ್ಲೌಸು, ಉಣ್ಣೆ ಕಾಲುಚೀಲ ಕೊಂಡರು. ಬಾಡಿಗೆ ಬೂಟಿನೊಳಗೆ ಕಾಲಿಡುವುದಾದರೂ ಕಾಲುಚೀಲ ನನ್ನದೇ ಇರಲಿ ಎಂದಳು ಸುಕನ್ಯ. ಈ ವಯಸ್ಸಿನಲ್ಲಿ ಸೊಂಟ ಮುರ್ಕೊಂಡು ಬರ್ತೀಯ ನೀನು ಎಂದು ಫಹ್ಮಿದಾ ಕಾಲೆಳೆದಳು. ಮುರಿಯಲಿ ಬಿಡೇ, ಹಾಸಿಗೆ ಹಿಡಿದ್ರೆ ಯಾರಾದ್ರೂ ನನಗೆ ಮುದ್ದೆ ಮಾಡ್ಕೊಡ್ತಾರೆ ಎಂದು ಇವಳೂ ನಕ್ಕಳು.

ವಿಮಾನದ ಟಿಕೆಟ್ ಮಾಡಿಸುವ ದಿನ ವೈಷ್ಣವಿ ಎಲ್ಲರ ಆಧಾರ್ ಕಾರ್ಡು ಕೇಳಿಕೊಂಡು ಬಂದಳು. ಸುಕನ್ಯ ಸೀರೆಗಳ ಕೆಳಗಿಂದ ತನ್ನದನ್ನು ತೆಗೆದು ಕೊಡಲು ಹೋದರೆ ಹುಡುಗಿ ಕೈ ಚಾಚಲಿಲ್ಲ. ನಿಮ್ಮದು ಬೇಡ ಚಿಕ್ಕಮ್ಮ, ಅಪ್ಪ ಹೇಳ್ಲಿಲ್ವಾ ಎಂದು ಹಜಾರದ ಕಡೆ ನೋಡಿದಳು.

ಹಜಾರದಲ್ಲಿ ದೊಡ್ಡಮುನಿಯಪ್ಪನವರು, ಮುನಿರಾಜ ಇಬ್ಬರೂ ಟಿವಿ ಮುಂದಿದ್ದರು. ಮೂಲೆಯ ಮಂಚದ ಮೇಲೆ ಅತ್ತೆ ಮುನಿಶಾಮಮ್ಮ ಎಲೆಅಡಿಕೆ ಕುಟ್ಟುತ್ತಿದ್ದರು. ವಿಷಯ ಇಷ್ಟು. ಊಟ ಹೊರಗಡೆ ಅಂದ ಮೇಲೆ ತಲೆಗೆ ಖರ್ಚು ಜಾಸ್ತಿ ಬೀಳುತ್ತದೆ. ಒಂದು ತಲೆ ಕಡಿಮೆಯಾದರೆ ಒಳ್ಳೆಯದು. ಮೊದಲು ಅತ್ತೆಯನ್ನು ನೋಡಿಕೊಳ್ಳಲು ಮುನಿಲಕ್ಷ್ಮಿ ಉಳಿಯುವುದೆಂದಿತ್ತು, ಬರೀ ಅವಳ ಗಂಡ ಮಕ್ಕಳು ಹೊರಡುವುದೆಂದಿತ್ತು. ಈಗ ಅವಳೂ ಹಿಮ ನೋಡಬೇಕು ಎಂದು ಅತ್ತಳಂತೆ. ಅವಳನ್ನು ಸೇರಿಸಿಕೊಂಡು ಇನ್ನಿಬ್ಬರನ್ನು ಬಿಟ್ಟರೆ ಲೆಕ್ಕ ಸರಿಹೋಗುತ್ತದೆ. ಮುನಿಲಕ್ಷ್ಮಿಯ ಚಿಕ್ಕ ಮಗನಿಗೆ ಪರೀಕ್ಷೆ, ಅವನು ಅವರಪ್ಪನ ತಾಯಿಯ ಮನೆಯಲ್ಲಿರುತ್ತಾನೆ. ಇನ್ನೊಬ್ಬಳು ಸುಕನ್ಯ. ಮನೆಯಲ್ಲಿ ಅತ್ತೆಯೂ ಇದ್ದಾರೆ, ಬಾಡಿಗೆ ಹುಡುಗರಿಗೆ ನೀರು ಬಿಡಬೇಕು, ಮೋಟಾರ್ ಹಾಕಬೇಕು.

ಇದನ್ನೆಲ್ಲ ದೊಡ್ಡಮುನಿಯಪ್ಪನವರು ಟಿವಿ ಸೌಂಡು ಕೂಡ ಕಡಿಮೆ ಮಾಡದೆ ಹೇಳಿದರು. ನಿನಗೂ ಒಂದ್ವಾರ ರೆಸ್ಟ್ ಆಯ್ತದಲ್ಲಮ್ಮಾ ಎಂದು ಕೊನೆಗೆ ಸೇರಿಸಿದರು. ಸುಕನ್ಯ ಗಂಡನ ಮುಖ ನೋಡಿದಳು. ಮುನಿರಾಜ ಅವಳನ್ನು ನೋಡದೆ, ಹೌದು ಅಲ್ವಾ, ನಿನಗೆ ಮೊದಲೇ ಮಂಡಿ ನೋವು, ಆ ಚಳಿ ಆಗಲ್ಲ ಬಿಡು ಎಂದ. ಆ ಮಂಡಿ ನೋವು ಯಾವ ಯಾವ ಊರಿನ ಒಲೆ ಮುಂದೆ ನಿಂತು ಬಂದದ್ದು ಅನ್ನುವುದು ಅವನಿಗೆ ಗೊತ್ತಿರಬೇಕಿತ್ತು. ಗೊತ್ತಿರಲಿಲ್ಲ.

ಸುಕನ್ಯ ಅಳಲಿಲ್ಲ, ಕೂಗಾಡಲಿಲ್ಲ. ಅವಳಿಗೆ ನಿಜವಾಗಿಯೂ ಒಂದು ವಿಷಯ ತಿಳಿಯಬೇಕಿತ್ತು.

"ಭಾವ, ಹಂಗಾದ್ರೆ ಇಷ್ಟು ವರ್ಷ ನನ್ನನ್ನ ಯಾಕೆ ಕರ್ಕೊಂಡು ಹೋಗ್ತಿದ್ರಿ?"

ದೊಡ್ಡಮುನಿಯಪ್ಪನವರು ಟಿವಿಯಿಂದ ಕಣ್ಣು ತೆಗೆದು ಅವಳನ್ನು ನೋಡಿದರು. ಅವರ ಮುಖದಲ್ಲಿ ಕೆಟ್ಟತನ ಒಂದಿಷ್ಟೂ ಇರಲಿಲ್ಲ. ಗೊತ್ತಿರುವುದನ್ನು ಯಾಕೆ ಕೇಳುತ್ತಾಳೆ ಎಂಬ ಗೊಂದಲವಷ್ಟೇ ಇತ್ತು.

"ಅಡುಗೆ ಮಾಡೋರು ಬೇಕಾಗಿತ್ತಲ್ಲಮ್ಮಾ."

ಯಾರೂ ತಲೆ ತಗ್ಗಿಸಲಿಲ್ಲ. ಯಾರಿಗೂ ನಾಚಿಕೆ ಅನಿಸಲಿಲ್ಲ. ವೈಷ್ಣವಿ ಆಧಾರ್ ಕಾರ್ಡುಗಳನ್ನು ಜೋಡಿಸಿಕೊಳ್ಳುತ್ತಿದ್ದಳು. ಅತ್ತೆಯ ಕುಟ್ಟಾಣಿ ಮಾತ್ರ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಸುಕನ್ಯಳಿಗೆ ಈ ಜನರ ಮೇಲೆ ಹೇಸಿಗೆಯಾಯಿತು. ತನ್ನ ಮೇಲೆ ಅದಕ್ಕಿಂತ ಹೆಚ್ಚಾಯಿತು. ಅಡುಗೆಮನೆ ತಪ್ಪಿಸಿಕೊಂಡರೆ ಹಿಮ ಸಿಗುತ್ತದೆ ಎಂದು ಲೆಕ್ಕ ಹಾಕಿದವಳು ತಾನೇ. ಅಡುಗೆಮನೆ ಹೋದರೆ ತಾನೂ ಬೇಡವಾಗುತ್ತೇನೆ ಎಂಬುದು ಮೂರು ವರ್ಷದ ಮಗುವಿಗೂ ಹೊಳೆಯುತ್ತಿತ್ತು. ತನ್ನ ಸೀಟನ್ನು ತಾನೇ ಕೈಯಾರೆ ಕಿತ್ತು ಬಿಸಾಕಿದ್ದಳು.

ಹೊರಡುವ ಹಿಂದಿನ ದಿನ ವೈಷ್ಣವಿ ಬಂದು, ನೀವು ಹೇಗೂ ಬರಲ್ಲವಲ್ಲ ಚಿಕ್ಕಮ್ಮ, ಆ ಕೆಂಪು ಗ್ಲೌಸು ಕೊಡ್ತೀರಾ ಎಂದು ಕೇಳಿದಳು. ಸುಕನ್ಯ ಕೊಟ್ಟಳು. ಕಾಲುಚೀಲವನ್ನೂ ಕೊಟ್ಟಳು. ಇಟ್ಟುಕೊಂಡು ಮಾಡುವುದೇನಿತ್ತು? ಎಲ್ಲರೂ ಹೊರಟು ಹೋದ ಮೇಲೆ ಅತ್ತೆ ಸೊಸೆ ಇಬ್ಬರೇ ಉಳಿದರು. ಮನೆ ತಣ್ಣಗಾಯಿತು. ಸುಕನ್ಯ ಮೋಟಾರ್ ಹಾಕಿದಳು, ಟ್ಯಾಂಕು ತುಂಬಿಸಿದಳು, ಇಬ್ಬರಿಗಾಗುವಷ್ಟು ಅನ್ನ ಮಾಡಿದಳು. ಅತ್ತೆ ಮೊದಲಿಂದಲೂ ಕಡಿಮೆ ಮಾತಿನವರು.

ಅವರೆಲ್ಲ ಹಿಮದೂರು ಸೇರಿದ ಮಾರನೆಯ ಮಧ್ಯಾಹ್ನ ಮುನಿರಾಜನ ವಿಡಿಯೋ ಕಾಲ್ ಬಂತು. ಸುಕನ್ಯ ಅತ್ತೆಯ ಮಂಚದ ತುದಿಯಲ್ಲಿ ಕೂತು ಅವರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಕೈ ಒರೆಸಿಕೊಂಡು ಫೋನ್ ಎತ್ತಿದಳು. ಮಂಕಿ ಕ್ಯಾಪು ಹಾಕಿಕೊಂಡ ಮುನಿರಾಜನ ಮುಖ ಪರದೆ ತುಂಬ ಇತ್ತು. ಅವನ ಹೆಗಲ ಹಿಂದೆ ಕಿಟಕಿ. ಕಿಟಕಿಯ ಆಚೆ ಬೆಳ್ಳಗೆ ಏನೋ. ಏನಾದರಾಗಲಿ, ಕಣ್ಣಿಂದಾದರೂ ನೋಡುತ್ತೇನೆ ಅನಿಸಿತು.

"ರೀ, ಸ್ವಲ್ಪ ಕಿಟಕಿ ಕಡೆ ತಿರುಗಿಸಿ. ಹಿಮ ನೋಡ್ತೀನಿ."

ತೋರಿಸ್ತೀನಿ ಇರು, ಮೊದಲು ಇದನ್ನ ನೋಡು ಎಂದ ಮುನಿರಾಜ. ಫೋನು ತಿರುಗಿತು. ಕಂಡದ್ದು ಹಿಮ ಅಲ್ಲ. ರೂಮಿನಲ್ಲಿ ಟೀ ಕಾಯಿಸಿಕೊಳ್ಳಲು ಹೋಟೆಲಿನವರು ಇಟ್ಟಿದ್ದ ಕರೆಂಟಿನ ಕೆಟಲು. ಅದರ ಬಾಯಿಂದ ಕಪ್ಪಗೆ ಏನೋ ಉಕ್ಕಿ ಮೇಜಿನ ಮೇಲೆ ಸುರಿದಿತ್ತು. ಒಳಗೆ ಗಂಟು ಗಂಟಾದ ರಾಗಿ ಹಿಟ್ಟು, ತಳ ಸೀದು ಅಂಟಿಕೊಂಡಿತ್ತು. ಮುನಿಲಕ್ಷ್ಮಿ ಅದನ್ನು ಹಲ್ಲುಜ್ಜುವ ಬ್ರಷ್ಷಿನ ಹಿಡಿಯಿಂದ ತಿರುವುತ್ತಿದ್ದಳು. ಬ್ರಷ್ಷು ಯಾರದು ಎಂದು ಸುಕನ್ಯ ಕೇಳಲಿಲ್ಲ. ನಾಳೆ ಆ ಕೆಟಲಿನಲ್ಲಿ ಟೀ ಕಾಯಿಸಿ ಕುಡಿಯುವವರ ಗತಿ ಏನು ಎಂದುಕೊಂಡಳು.

ಮುನಿರಾಜ ವಿವರಿಸುತ್ತಲೇ ಇದ್ದ. ಬಂದಾಗಿನಿಂದ ರಾಜ್ಮಾ, ರೋಟಿ, ರಾಜ್ಮಾ, ರೋಟಿ. ಅಣ್ಣನ ಹೊಟ್ಟೆಗೆ ಹಿಡಿಸುತ್ತಿಲ್ಲ. ಅದಕ್ಕೆ ಬ್ಯಾಗಿನಲ್ಲಿದ್ದ ಹಿಟ್ಟು ತೆಗೆದರು. ನೀರೆಷ್ಟು ಹಾಕಬೇಕು, ಹಿಟ್ಟು ಯಾವಾಗ ಹಾಕಬೇಕು, ಗಂಟು ಹೇಗೆ ಒಡೆಯಬೇಕು ಇಲ್ಲಿ ಯಾರಿಗೂ ಗೊತ್ತಾಗುತ್ತಿಲ್ಲ, ಬೇಗ ಹೇಳು. ಎಲ್ಲರೂ ಕೆಟಲಿನ ಸುತ್ತ ಕೂತಿದ್ದರು. ಒಬ್ಬರೂ ಹೊರಗೆ ಹೋಗಿರಲಿಲ್ಲ. ವೈಷ್ಣವಿಯ ಕೈಯಲ್ಲಿ ಕೆಂಪು ಗ್ಲೌಸು, ಅದರ ಬೆರಳುಗಳಿಗೆಲ್ಲ ಹಿಟ್ಟು.

"ಮೊದಲು ನೀರು..." ಎಂದು ಅಭ್ಯಾಸಬಲದಿಂದ ಸುಕನ್ಯಳ ಬಾಯಿ ಶುರು ಮಾಡಿತು. ಅವಳು ಬಾಯಿ ಮುಚ್ಚಿಕೊಂಡಳು. ಆ ಮಾತು ಗಂಟಲಿನಿಂದ ಬಂದದ್ದಕ್ಕೇ ಅವಳಿಗೆ ಅಸಹ್ಯವಾಯಿತು.

"ಹೇಳು, ನೀರು ಎಷ್ಟು?" ಎಂದ ಮುನಿರಾಜ.

"ನನಗೆ ಗೊತ್ತಿಲ್ಲ ರೀ."

"ಏನು ಗೊತ್ತಿಲ್ಲ?"

"ಮುದ್ದೆ ಮಾಡೋದು."

ಲೈನು ಸರಿಯಿಲ್ಲವೇನೋ ಎಂದು ಮುನಿರಾಜ ಫೋನು ಅಲ್ಲಾಡಿಸಿದ. ಇವಳ ತಲೆ ಕೆಟ್ಟೈತಾ ಎಂದು ಹಿಂದಿನಿಂದ ದೊಡ್ಡಮುನಿಯಪ್ಪನವರ ದನಿ ಬಂತು, ಅಮ್ಮನ ಕೈಗೆ ಕೊಡೋಕೆ ಹೇಳು ಎಂದರು.

ಸುಕನ್ಯ ಫೋನನ್ನು ಅತ್ತೆಗೆ ಕೊಟ್ಟಳು. ಮದುವೆಯಾಗಿ ಬಂದ ಹೊಸದರಲ್ಲಿ ಅವಳ ಕೈ ಹಿಡಿದು ಹಿಟ್ಟು ತೊಳಸುವುದನ್ನು ಕಲಿಸಿದವರು ಇದೇ ಮುನಿಶಾಮಮ್ಮ. ಆ ಊರಿನಲ್ಲಿ ಅವರ ಹಾಗೆ ಮುದ್ದೆ ಕಟ್ಟುವವರು ಇನ್ನೊಬ್ಬರಿರಲಿಲ್ಲ. ಮುದುಕಿ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಆ ಕಪ್ಪು ಕೆಟಲನ್ನು, ಅದರ ಸುತ್ತ ಕೂತ ತಮ್ಮ ಮಕ್ಕಳನ್ನು ಸುಮಾರು ಹೊತ್ತು ನೋಡಿದರು.

"ನಂಗೂ ಬರಕ್ಕಿಲ್ಲ ಕಣಪ್ಪ" ಎಂದರು.

ಫೋನ್ ಕಟ್ ಮಾಡುವುದು ಅವರಿಗೆ ಗೊತ್ತಿರಲಿಲ್ಲ. ಮಂಚದ ಮೇಲೆ ಕವುಚಿ ಹಾಕಿ, ಎಣ್ಣೆ ತಿಕ್ಕಿಸಿಕೊಳ್ಳಲು ಚಾಚಿದ್ದ ಕಾಲನ್ನು ಹಿಂದಕ್ಕೆ ಎಳೆದುಕೊಂಡು, ತುದಿಯಲ್ಲಿದ್ದ ಸೊಸೆಗೆ ಸರಿಯಾಗಿ ಕೂರಲು ಜಾಗ ಬಿಟ್ಟರು.